ಬಿಸಿಲು ತಡೆಯುವ ಲೇಪ: ಹೊಲದ ಕೆಲಸದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ?

ಬೆಳೆಗೆ ಔಷಧಿ ಸಿಂಪಡಿಸಿದ ರೈತರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದರ ಶಕ್ತಿ ಎಷ್ಟು ದಿನ ಇರುತ್ತದೆ? ಮಳೆ ಬಂದರೆ ಮತ್ತೆ ಹೊಡೆಯಬೇಕೆ?" ಇದು ತಿಳಿವಳಿಕೆಯ ಪ್ರಶ್ನೆ. ಆದರೆ ಬಿಸಿಲಿನಿಂದ ಚರ್ಮವನ್ನು ಕಾಪಾಡುವ ಸನ್‌ಸ್ಕ್ರೀನ್ ಎಂಬ ಲೇಪವನ್ನು ಮುಖಕ್ಕೆ ಹಚ್ಚಿಕೊಳ್ಳುವಾಗ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಂಜೆಯವರೆಗೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ಈಗ ಈ ಲೇಪ ಸಣ್ಣ ಊರುಗಳ ಔಷಧಿ ಅಂಗಡಿಗಳಲ್ಲೂ ದೊರೆಯುತ್ತಿದೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಗೆ ತರುತ್ತಾರೆ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳೂ ಹಚ್ಚಿಕೊಳ್ಳುತ್ತಿದ್ದಾರೆ. ಹಣ ಕೊಟ್ಟು ತಂದ ವಸ್ತು ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದನ್ನು ಬೇಸಾಯಗಾರರು ತಿಳಿದಿರುವುದು ಒಳ್ಳೆಯದು.

ಬಿಸಿಲಿನಲ್ಲಿ ಏನಿದೆ?

ಸೂರ್ಯನ ಕಿರಣಗಳಲ್ಲಿ ಕಣ್ಣಿಗೆ ಕಾಣುವ ಬೆಳಕು ಇದೆ, ಮೈಗೆ ತಟ್ಟುವ ಶಾಖ ಇದೆ. ಇವೆರಡೂ ಅಲ್ಲದ, ಕಾಣದ ಮತ್ತು ತಟ್ಟದ ಇನ್ನೊಂದು ಭಾಗವೂ ಇದೆ. ಅದೇ ನೇರಳಾತೀತ ಕಿರಣ. ನೆಲಕ್ಕೆ ತಲಪುವ ಈ ಕಿರಣಗಳಲ್ಲಿ ಎರಡು ಬಗೆ. 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ "ಬಿ" ಕಿರಣ ಚರ್ಮವನ್ನು ಸುಡುತ್ತದೆ. 315ರಿಂದ 400 ನ್ಯಾನೋಮೀಟರ್ ಅಲೆಯುದ್ದದ "ಎ" ಕಿರಣ ಚರ್ಮದ ಆಳಕ್ಕೆ ಇಳಿದು ಕಪ್ಪು ಕಲೆ, ಸುಕ್ಕುಗಳಿಗೆ ಕಾರಣವಾಗುತ್ತದೆ. ನೆಲ ಮುಟ್ಟುವ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ. 95 ಪಾಲು "ಎ" ಬಗೆಯದು.

ಈ ಕಿರಣ ಶಾಖವಲ್ಲವಾದ್ದರಿಂದ ಸೆಕೆಯನ್ನು ನೋಡಿ ಇದರ ತೀವ್ರತೆಯನ್ನು ಅಳೆಯಲಾಗದು. ದಿನದ ಹೆಚ್ಚಿನ ಸೆಕೆ ಮಧ್ಯಾಹ್ನ 2ರಿಂದ 3 ಗಂಟೆಗೆ ಕಾಣಿಸಿದರೆ, ನೇರಳಾತೀತ ಕಿರಣ ಪ್ರಖರವಾಗುವುದು ಸೂರ್ಯ ನೆತ್ತಿಗೆ ಬಂದಾಗ, ಅಂದರೆ ನಮ್ಮ ರಾಜ್ಯದಲ್ಲಿ ಗಡಿಯಾರದ 12-20ರಿಂದ 12-30ರ ಸುಮಾರಿಗೆ. ತೆಳು ಮೋಡದ ದಿನ ಶೇ. 80ರಷ್ಟು ಕಿರಣ ಮೋಡವನ್ನು ದಾಟಿ ಬರಬಹುದು. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೀದರಿನಲ್ಲಿ ಇದು ಮೇ ಎರಡನೆಯ ವಾರ ಮತ್ತು ಆಗಸ್ಟ್ ಮೊದಲ ವಾರ. ಹಾಗಾಗಿ ಮುಂಗಾರಿನ ಕಳೆ ತೆಗೆಯುವ ಕಾಲದ ತಂಪು ಹವೆಯನ್ನು ನಂಬಬಾರದು.

ಇದನ್ನು ತಿಳಿಯಲು ಉಪಕರಣ ಬೇಡ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ಪ್ರಖರವಾಗಿದೆ ಎಂದು ತಿಳಿಯಿರಿ. ನೆರಳು ಉದ್ದವಾಗಿದ್ದರೆ ಅಪಾಯ ಕಡಿಮೆ.

ಲೇಪ ಕೆಲಸ ಮಾಡುವ ರೀತಿ

ಅಡಿಕೆ ತೋಟದ ರೈತರಿಗೆ ಬೋರ್ಡೋ ದ್ರಾವಣ ಚೆನ್ನಾಗಿ ಗೊತ್ತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೊಳೆರೋಗ ಬರುವ ಮೊದಲೇ, ಮುಂಗಾರು ಹಿಡಿಯುವ ಮುನ್ನ ಒಂದು ಸಲ, ನಂತರ 40ರಿಂದ 45 ದಿನಗಳಿಗೆ ಇನ್ನೊಂದು ಸಲ ಸಿಂಪಡಿಸುತ್ತೇವೆ. ಈ ದ್ರಾವಣ ಗಿಡದೊಳಗೆ ಇಳಿದು ಹರಡುವ ಔಷಧಿಯಲ್ಲ. ಗೊನೆಯ ಮೇಲೆ ಎಲ್ಲಿ ಕೂತಿದೆಯೋ ಅಲ್ಲಿ ಮಾತ್ರ ಕಾಯುತ್ತದೆ. ತಪ್ಪಿಹೋದ ಜಾಗಕ್ಕೆ ರಕ್ಷಣೆ ಇಲ್ಲ. ರೋಗ ಬಂದ ಮೇಲೆ ಹೊಡೆದರೆ ಹಾಳಾದ ಕಾಯಿ ಸರಿಯಾಗುವುದಿಲ್ಲ.

ಸನ್‌ಸ್ಕ್ರೀನ್ ಲೇಪದ ಸ್ವಭಾವವೂ ಇದೇ. ಇದು ಚರ್ಮದ ಮೇಲೆ ಕೂತು ಕಾಯುವ ತೆಳು ಪದರ. ಸತುವಿನ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಯ ಖನಿಜ ಪುಡಿಗಳು, ಇಲ್ಲವೇ ಕಿರಣವನ್ನು ಹೀರುವ ಇತರ ರಾಸಾಯನಿಕಗಳು ಇದರಲ್ಲಿರುತ್ತವೆ. ಇವು ಕಿರಣವನ್ನು ಹೀರಿ, ಸ್ವಲ್ಪ ಭಾಗವನ್ನು ಚದುರಿಸಿ, ಚರ್ಮಕ್ಕೆ ಇಳಿಯದಂತೆ ತಡೆಯುತ್ತವೆ. ಪದರ ಹರಿದ ಕಡೆ ತಡೆ ಇಲ್ಲ. ಚರ್ಮ ಸುಟ್ಟ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ.

ಕೊಳವೆಯ ಮೇಲಿನ ಸಂಖ್ಯೆ

ಲೇಪದ ಕೊಳವೆಯ ಮೇಲೆ "ಎಸ್‌ಪಿಎಫ್" ಎಂದು ಬರೆದು 15, 30, 50 ಎಂಬ ಅಂಕಿ ಕೊಟ್ಟಿರುತ್ತಾರೆ. ಇದು ಗಂಟೆಗಳ ಲೆಕ್ಕವಲ್ಲ. ಚರ್ಮವನ್ನು ಸುಡುವ ಕಿರಣದಲ್ಲಿ ಎಷ್ಟನೆಯ ಒಂದು ಪಾಲು ಒಳಕ್ಕೆ ದಾಟುತ್ತದೆ ಎಂಬುದರ ಲೆಕ್ಕ. 15 ಎಂದಿದ್ದರೆ ಹದಿನೈದರಲ್ಲಿ ಒಂದು ಪಾಲು ದಾಟುತ್ತದೆ, ಸುಮಾರು ಶೇ. 93 ತಡೆಯುತ್ತದೆ. 30 ಎಂದಿದ್ದರೆ ಸುಮಾರು ಶೇ. 97, 50 ಎಂದಿದ್ದರೆ ಶೇ. 98. ಮೂವತ್ತಕ್ಕೂ ಐವತ್ತಕ್ಕೂ ತಡೆಯಲ್ಲಿ ಇರುವ ಅಂತರ ಇಷ್ಟೇ. ಐವತ್ತರ ಲೇಪ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಭಾವಿಸಿ ಹೆಚ್ಚು ಬೆಲೆ ಕೊಡುವವರು ಇದನ್ನು ಗಮನಿಸಬೇಕು. ಬೆವರು ಮೂವತ್ತನ್ನೂ ತೊಳೆಯುತ್ತದೆ, ಐವತ್ತನ್ನೂ ತೊಳೆಯುತ್ತದೆ.

ಇನ್ನೊಂದು ಮಾತು. ಈ ಅಂಕಿಯನ್ನು ಪ್ರಯೋಗಶಾಲೆಯಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚುತ್ತಾರೆ. ಜನ ತಾವಾಗಿ ಹಚ್ಚಿಕೊಳ್ಳುವಾಗ ಸಾಮಾನ್ಯವಾಗಿ ಇದರ ಕಾಲು ಭಾಗದಿಂದ ಅರ್ಧದಷ್ಟನ್ನು ಮಾತ್ರ ಬಳಸುತ್ತಾರೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಪ್ರಮಾಣ ಅರ್ಧವಾದರೆ ರಕ್ಷಣೆಯ ಅಂಕಿಯೂ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಎಕರೆಗೆ ಹೇಳಿದ ದ್ರಾವಣವನ್ನು ಎರಡು ಎಕರೆಗೆ ಎಳೆದರೆ ಏನಾಗುತ್ತದೆ ಎಂಬುದು ನಿಮಗೆ ತಿಳಿದದ್ದೇ.

ಹೊಲದಲ್ಲಿ ಎಷ್ಟು ಹೊತ್ತು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಚರ್ಮರೋಗ ತಜ್ಞರ ಸಾಮಾನ್ಯ ಸಲಹೆ ಎಂದರೆ, ಹೊರಗೆ ಬಿಸಿಲಿನಲ್ಲಿರುವವರು 2 ಗಂಟೆಗೊಮ್ಮೆ ಲೇಪವನ್ನು ಮತ್ತೆ ಹಚ್ಚಬೇಕು. ಹೆಚ್ಚು ಬೆವರಿದರೆ ಅಥವಾ ನೀರು ಬಿದ್ದರೆ 2 ಗಂಟೆ ಕಾಯದೆ ಆಗಲೇ ಹಚ್ಚಬೇಕು. ಮನೆಯೊಳಗೆ ಕೂತು ಕೆಲಸ ಮಾಡುವವರ ಮುಖದ ಮೇಲೆ ಪದರ ನಿಧಾನವಾಗಿ ಸವೆಯುತ್ತದೆ. ಹೊಲದಲ್ಲಿ ಹಾಗಲ್ಲ. ಇಲ್ಲಿ ಅದನ್ನು ತೆಗೆದುಹಾಕುವ ಕಾರಣಗಳು ಅನೇಕ.

1. ಬೆವರು: ಬೆವರು ಪದರದ ಅಡಿಯಿಂದಲೇ ಹೊರಟು ಅದನ್ನು ಒಡೆಯುತ್ತದೆ. ಹಣೆಯಿಂದ ಹರಿದು ಕಣ್ಣಿಗೆ ಇಳಿದು ಉರಿಸುತ್ತದೆ.

2. ಒರೆಸುವುದು: ಹೆಗಲ ಟವೆಲಿನಿಂದ ಅಥವಾ ಸೆರಗಿನಿಂದ ಮುಖವನ್ನು ಒಂದು ಸಲ ಬಲವಾಗಿ ಒರೆಸಿದರೆ ಲೇಪದ ಹೆಚ್ಚಿನ ಭಾಗ ಬಟ್ಟೆಗೆ ಹೋಗುತ್ತದೆ. ಹೊಲದಲ್ಲಿ ಲೇಪದ ದೊಡ್ಡ ಶತ್ರು ಟವೆಲು.

3. ಉಜ್ಜುವುದು: ಹುಲ್ಲಿನ ಹೊರೆ, ಬುಟ್ಟಿಯ ಅಂಚು, ಸಿಂಪರಣೆ ಕ್ಯಾನಿನ ಪಟ್ಟಿ, ಕೈಗೆ ಸವರುವ ಜೋಳದ ಗರಿ, ಕಬ್ಬಿನ ರವುದಿ, ಇವೆಲ್ಲ ತಾಗಿದಲ್ಲೆಲ್ಲ ಪದರವನ್ನು ಕೆರೆಯುತ್ತವೆ.

4. ನೀರು: ನಾಟಿ ಗದ್ದೆಯಲ್ಲಿ ಮೊಣಕೈವರೆಗೆ ಕೆಸರಿನಲ್ಲಿರುವ ಕೈಗೆ ಲೇಪ ನಿಲ್ಲುವುದಿಲ್ಲ. ಊಟಕ್ಕೆ ಕೈ ಮುಖ ತೊಳೆದರೆ ಬೆಳಗಿನ ಲೇಪದ ಲೆಕ್ಕ ಅಲ್ಲಿಗೆ ಮುಗಿಯಿತು.

5. ಬಿಸಿಲು: ಕಿರಣ ಹೀರುವ ರಾಸಾಯನಿಕಗಳಲ್ಲಿ ಕೆಲವು ಬಿಸಿಲಿಗೆ ತಾವೇ ಒಡೆದು ಶಕ್ತಿ ಕಳೆದುಕೊಳ್ಳುತ್ತವೆ.

ಕೆಲವು ಕೊಳವೆಗಳ ಮೇಲೆ "ನೀರು ನಿರೋಧಕ" ಎಂದು ಬರೆದಿರುತ್ತದೆ. ಇವು ನಾವು ಸಿಂಪರಣೆಗೆ ಅಂಟು ಪದಾರ್ಥ ಸೇರಿಸಿದ ಹಾಗೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2011ರಲ್ಲಿ ಮಾಡಿದ ನಿಯಮದಂತೆ, ನೀರಿನಲ್ಲಿಟ್ಟು ಪರೀಕ್ಷಿಸಿ, 40 ನಿಮಿಷ ಅಥವಾ 80 ನಿಮಿಷ ಎಂದು ಸ್ಪಷ್ಟವಾಗಿ ಬರೆಯಬೇಕು. "ನೀರಿಗೆ ಜಗ್ಗದು", "ಬೆವರಿಗೆ ಜಗ್ಗದು" ಎಂಬಂಥ ಮಾತನ್ನು ಅಲ್ಲಿ ಬರೆಯುವಂತಿಲ್ಲ. ಅತ್ಯುತ್ತಮ ಅಂಟಿನ ಲೇಪಕ್ಕೂ ಸಿಗುವ ಗರಿಷ್ಠ ಮಾತು 80 ನಿಮಿಷ ಎಂದ ಮೇಲೆ, ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಉಳಿಯುವುದೆಂಬ ಮಾತು ಎಲ್ಲಿ ಬಂತು?

ಒಟ್ಟಿನಲ್ಲಿ ತಿಳಿಯಬೇಕಾದದ್ದು ಇಷ್ಟು. ಮೆಲ್ಲಗಿನ ಕೆಲಸ, ಅಂದರೆ ನೀರು ಹಾಯಿಸುವುದು, ದನ ಕಾಯುವುದು, ಇಂಥ ಕಡೆ 2 ಗಂಟೆ. ಬೆವರಿಳಿಸುವ ಕೆಲಸದಲ್ಲಿ, ಅಂದರೆ ಅಗೆತ, ಕಟಾವು, ಹೊರೆ ಹೊರುವುದು, ಇಂಥ ಕಡೆ ಒಂದು ಗಂಟೆಯ ಮೇಲೆ ನಂಬಬೇಡಿ. ಒದ್ದೆ ಗದ್ದೆಯಲ್ಲಿ ಕೈಕಾಲುಗಳಿಗೆ ಲೇಪವನ್ನು ನೆಚ್ಚಲೇಬೇಡಿ.

ಖರ್ಚಿನ ಲೆಕ್ಕ

ಯಾವ ಸಲಹೆಯನ್ನೂ ಖರ್ಚಿನ ಲೆಕ್ಕವಿಲ್ಲದೆ ಒಪ್ಪಬಾರದು. ವಯಸ್ಕರ ಮೈಯ ಹೊರಮೈ ಸುಮಾರು 16,000 ಚದರ ಸೆಂ.ಮೀ. ಬೆರಳು ಸೇರಿದ ಒಂದು ಅಂಗೈ ಇದರ ಶೇ. 1 ಭಾಗ, ಎಂದರೆ 160 ಚದರ ಸೆಂ.ಮೀ. ಆದ್ದರಿಂದ ನಿಮ್ಮ ಅಂಗೈಯನ್ನೇ ಅಳತೆಯ ಮಾನವಾಗಿ ಬಳಸಬಹುದು. ಒಂದು ಅಂಗೈಯಷ್ಟು ಜಾಗಕ್ಕೆ ಬೇಕಾದ ಲೇಪ 320 ಮಿಲಿಗ್ರಾಂ.

ಅರ್ಧತೋಳಿನ ಅಂಗಿ ತೊಟ್ಟವರ ಮುಖ, ಕಿವಿ, ಕುತ್ತಿಗೆ, ಮುಂಗೈ, ಹಸ್ತ ಸೇರಿ ಸುಮಾರು 15 ಅಂಗೈ. ಒಂದು ಸಲಕ್ಕೆ 4.8 ಗ್ರಾಂ, ಸುಮಾರು ಒಂದು ಟೀ ಚಮಚ. ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ 2 ಗಂಟೆಗೊಮ್ಮೆ ನಾಲ್ಕು ಸಲ ಹಚ್ಚಿದರೆ ದಿನಕ್ಕೆ 19.2 ಗ್ರಾಂ. 50 ಗ್ರಾಂನ ಒಂದು ಕೊಳವೆ ಎರಡೂವರೆ ದಿನಕ್ಕೆ ಮುಗಿಯಿತು. 60 ದಿನದ ಕೆಲಸಕ್ಕೆ ಒಬ್ಬರಿಗೆ 23 ಕೊಳವೆ!

ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆಗೆ ಬಟ್ಟೆ ಸುತ್ತಿ, ಅಗಲ ಅಂಚಿನ ಟೊಪ್ಪಿ ಹಾಕಿದರೆ ಉಳಿಯುವುದು ಮುಖ ಮತ್ತು ಹಸ್ತದ ಮೇಲ್ಭಾಗ, ಒಟ್ಟು ಸುಮಾರು 5 ಅಂಗೈ. ಸಲಕ್ಕೆ 1.6 ಗ್ರಾಂ, ದಿನಕ್ಕೆ 6.4 ಗ್ರಾಂ. 60 ದಿನಕ್ಕೆ 8 ಕೊಳವೆ. ಹಳೆಯ ಅಂಗಿಯೊಂದು 15 ಕೊಳವೆ ಉಳಿಸಿತು. ಅದು ಸಂಜೆಯವರೆಗೂ ಒಂದೇ ಸಮನೆ ಕಾಯುತ್ತದೆ, ಒಗೆದು ಮರುದಿನ ತೊಡಬಹುದು. ಈ ಲೇಖನ ಹೇಳಹೊರಟ ಮುಖ್ಯ ಮಾತು ಇದೇ: ಬಟ್ಟೆ ಮೊದಲು, ಸಮಯ ಎರಡನೆಯದು, ಲೇಪ ಮೂರನೆಯದು.

ಬಟ್ಟೆಯ ಆಯ್ಕೆ

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ, ಮಲೆನಾಡಿನ ಕಂಬಳಿ ಕೊಪ್ಪೆ, ಬಯಲುಸೀಮೆಯ ರುಮಾಲು ಸುಮ್ಮನೆ ಬಂದವಲ್ಲ. ಈಗ ಹತ್ತಿ ಬಿಡಿಸುವ, ಕಳೆ ತೆಗೆಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಮನೆಯವರ ಹಳೆಯ ತುಂಬುತೋಳಿನ ಅಂಗಿ ತೊಡುವುದನ್ನು ಎಲ್ಲ ಕಡೆ ಕಾಣುತ್ತೇವೆ. ಇದು ಅತ್ಯಂತ ಒಳ್ಳೆಯ ಪದ್ಧತಿ.

ಬಟ್ಟೆಯನ್ನು ಸೂರ್ಯನ ಬೆಳಕಿಗೆ ಹಿಡಿದು ನೋಡಿ. ಬೆಳಕು ಧಾರಾಳವಾಗಿ ತೂರಿ ಬಂದರೆ ನೇರಳಾತೀತ ಕಿರಣವೂ ಬರುತ್ತದೆ. ಒತ್ತಾಗಿ ನೇಯ್ದ, ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆಯ ತಡೆ ಕಡಿಮೆ, ಅದು ಒದ್ದೆಯಾದರೆ ಮತ್ತಷ್ಟು ಕಡಿಮೆ. ಅಂಗಿ ಸಡಿಲವಾಗಿರಲಿ, ಗಾಳಿ ಆಡಲಿ. ರುಮಾಲು ತಲೆಯನ್ನು ಕಾಯುತ್ತದೆ, ಮೂಗು ಕೆನ್ನೆಗಳನ್ನು ಕಾಯುವುದಿಲ್ಲ. ಅದಕ್ಕೆ ಸುತ್ತಲೂ ನಾಲ್ಕು ಬೆರಳು ಅಗಲದ ಅಂಚಿರುವ ಟೊಪ್ಪಿ ಬೇಕು. ಇದರಿಂದ ಕಣ್ಣಿಗೂ ನೆರಳು. ಕಣ್ಣಿನ ಪೊರೆ ಬೇಗ ಬೆಳೆಯಲು ದೀರ್ಘಕಾಲದ ನೇರಳಾತೀತ ಕಿರಣವೂ ಒಂದು ಕಾರಣ ಎಂಬುದನ್ನು ಮರೆಯಬಾರದು.

ಸಿಂಪರಣೆಯ ದಿನ ವಿಶೇಷ ಎಚ್ಚರಿಕೆ

ಇದು ಪಟ್ಟಣದವರಿಗೆ ಸಂಬಂಧಿಸದ, ಬೇಸಾಯಗಾರರು ಮಾತ್ರ ತಿಳಿಯಬೇಕಾದ ಸಂಗತಿ. 2,4-ಡಿ ಕಳೆನಾಶಕವನ್ನು ಬಳಸಿ ಪ್ರಯೋಗಶಾಲೆಯಲ್ಲಿ ಇಲಿಯ ಚರ್ಮದ ಮೇಲೆ ನಡೆದ ಪರೀಕ್ಷೆಗಳಲ್ಲಿ, ಸನ್‌ಸ್ಕ್ರೀನಿನ ಕೆಲವು ರಾಸಾಯನಿಕ ಘಟಕಗಳು ಆ ಕಳೆನಾಶಕ ಚರ್ಮವನ್ನು ದಾಟುವ ಪ್ರಮಾಣವನ್ನು ಹೆಚ್ಚಿಸಿದ್ದು ಕಂಡುಬಂದಿದೆ. ಅಂದರೆ ಬಿಸಿಲನ್ನು ತಡೆಯುವ ಲೇಪ ವಿಷಕ್ಕೆ ದಾರಿ ಮಾಡಿಕೊಡಬಹುದು. ಆದ್ದರಿಂದ ಲೇಪ ಹಚ್ಚಿದ್ದೇನೆಂದು ಕೈಗವಸು, ಮುಖವಾಡ ಬಿಟ್ಟು ಸಿಂಪರಣೆಗೆ ಹೋಗುವುದು ದೊಡ್ಡ ತಪ್ಪು. ಆ ದಿನ ಪೂರ್ತಿ ಮೈ ಮುಚ್ಚುವ ಬಟ್ಟೆಯೇ ರಕ್ಷಣೆ. ಸಿಂಪರಣೆಯನ್ನು ಬೆಳಗಿನ ತಂಪಿನಲ್ಲಿ ಅಥವಾ ಸಂಜೆ ಇಟ್ಟುಕೊಂಡರೆ ಲೇಪದ ಅಗತ್ಯವೇ ಬೀಳದು. ಔಷಧಿ ಮುಟ್ಟಿದ ಕೈಯಿಂದ, ಮೆಣಸಿನಕಾಯಿ ಬಿಡಿಸಿದ ಕೈಯಿಂದ ಮುಖಕ್ಕೆ ಲೇಪ ಹಚ್ಚಬೇಡಿ. ಸೋಪು ಹಾಕಿ ಕೈ ತೊಳೆದ ಮೇಲೆಯೇ ಹಚ್ಚಿ.

ಪಾರ್ಥೇನಿಯಂ, ಎಂದರೆ ಕಾಂಗ್ರೆಸ್ ಕಳೆಯಿಂದ ಬರುವ ತುರಿಕೆಯೂ ಮುಖ, ಕಣ್ಣುರೆಪ್ಪೆ, ಕುತ್ತಿಗೆ, ಮುಂಗೈಗಳಂಥ ತೆರೆದ ಭಾಗಗಳಲ್ಲೇ ಕಾಣುತ್ತದೆ. ಇದನ್ನು ಬಿಸಿಲಿನ ಬೊಕ್ಕೆ ಎಂದು ಬಗೆದು ಲೇಪ ಹಚ್ಚುತ್ತ ಕೂರಬೇಡಿ. ಕಳೆಯನ್ನು ಹೂ ಬಿಡುವ ಮೊದಲು ಕೈಗವಸು ತೊಟ್ಟು ಕೀಳಿಸಿ, ವೈದ್ಯರಿಗೆ ತೋರಿಸಿ. ನಿಂಬೆಹಣ್ಣು ಕೊಯ್ಯುವವರು ರಸ ತಾಗಿದ ಕೈಯನ್ನು ಬಿಸಿಲಿಗೆ ಹೋಗುವ ಮೊದಲು ತೊಳೆಯಬೇಕು. ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಕಲೆ ಹೋಗಲೆಂದು ನಿಂಬೆರಸ ಹಚ್ಚಿ ಹೊಲಕ್ಕೆ ಹೋಗುವುದಂತೂ ಬೇಡವೇ ಬೇಡ.

ಯಾರಿಗೆ ಹೆಚ್ಚು ಅಗತ್ಯ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬೂರ್ ಊರಿನಲ್ಲಿ 1992ರಿಂದ 1996ರವರೆಗೆ ಸುಮಾರು 1,600 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ನಾವು ತಾಕುಗಳನ್ನು ಚೀಟಿ ಎತ್ತಿ ಹಂಚುವಂತೆ ಜನರನ್ನು ಹಂಚಿ, ಒಂದು ಗುಂಪಿಗೆ ದಿನವೂ ತಪ್ಪದೆ ಲೇಪ ಹಚ್ಚಲು ಹೇಳಿ, ಇನ್ನೊಂದು ಗುಂಪನ್ನು ಅವರವರ ಇಷ್ಟಕ್ಕೆ ಬಿಡಲಾಯಿತು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ. 40 ಕಡಿಮೆ ಎಂದು 1999ರಲ್ಲಿ ವರದಿಯಾಯಿತು. ಲೇಪಕ್ಕೆ ಗುಣವಿದೆ, ಆದರೆ ತಪ್ಪದೆ ಹಚ್ಚಿದವರಿಗೆ ಮಾತ್ರ ಎಂಬುದು ಇದರ ಪಾಠ.

ಅಲ್ಲಿಯವರದು ಬಹುಪಾಲು ಬಿಳಿಯ ಚರ್ಮ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ತಾನೇ ಒಂದಷ್ಟು ತಡೆ ಕೊಡುತ್ತದೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅವರಿಗಿಂತ ಬಹಳ ಕಡಿಮೆ. ಹಾಗಾಗಿ ಹೆದರಿ ಲೇಪ ಕೊಳ್ಳಬೇಕಾಗಿಲ್ಲ. ಆದರೆ ಈ ಕೆಳಕಂಡವರು ಬಟ್ಟೆಯ ಜೊತೆಗೆ ಲೇಪವನ್ನೂ ಬಳಸುವುದು ಒಳ್ಳೆಯದು:

1. ಮುಖದ ಮೇಲೆ ಬಂಗು ಇರುವವರು. ಬಿಸಿಲು ಬಂಗನ್ನು ಹೆಚ್ಚಿಸುತ್ತದೆ.

2. ತೊನ್ನು ಇರುವವರು. ಬಣ್ಣ ಕಳೆದ ಚರ್ಮ ಬೇಗ ಸುಡುತ್ತದೆ.

3. ಹುಟ್ಟಿನಿಂದ ಮೈ, ಕೂದಲು ಬೆಳ್ಳಗಿರುವವರು. ಇವರಿಗೆ ಕ್ಯಾನ್ಸರಿನ ಅಪಾಯವೂ ಇದೆ. ಇವರನ್ನು ನಡುಹಗಲಿನ ಕೆಲಸಕ್ಕೆ ಕಳುಹಿಸಲೇಬಾರದು.

4. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಈ ಔಷಧಿ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಲೇಪ ಬೇಡ. ಹೊಲಕ್ಕೆ ತಂದ ಮಗುವಿಗೆ ಮರದ ನೆರಳು, ಹತ್ತಿಯ ಬಟ್ಟೆ ಸಾಕು.

ಕೊಳ್ಳುವಾಗ ಮತ್ತು ಹಚ್ಚುವಾಗ

ಅಂಕಿ 30 ಅಥವಾ ಮೇಲಿರಲಿ. "ಎ" ಕಿರಣವನ್ನೂ ತಡೆಯುತ್ತದೆಂಬ ಸೂಚನೆ ಇರಲಿ. "ಪಿಎ" ಅಕ್ಷರಗಳ ಮುಂದೆ ಕೂಡಿಕೆಯ ಚಿಹ್ನೆಗಳು ಹೆಚ್ಚಿದ್ದಷ್ಟೂ ಈ ತಡೆ ಹೆಚ್ಚು. ಅವಧಿ ಮುಗಿಯುವ ದಿನಾಂಕ ನೋಡಿ. ಬಿಳುಪಾಗಿಸುವ ಕ್ರೀಮನ್ನು ಸನ್‌ಸ್ಕ್ರೀನ್ ಎಂದು ತಿಳಿದು ಕೊಳ್ಳಬೇಡಿ. ಸ್ಟಿರಾಯ್ಡ್ ಬೆರೆತ ಕ್ರೀಮುಗಳು ವೈದ್ಯರ ಸಲಹೆಯಿಲ್ಲದೆ ಬಳಕೆಯಾಗಿ ಎಷ್ಟೋ ಜನರ ಮುಖದ ಚರ್ಮವನ್ನು ತೆಳುವಾಗಿಸಿ ಕೆಡಿಸಿವೆ. ಕೊಬ್ಬರಿ ಎಣ್ಣೆ, ಅರಿಸಿನ ಚರ್ಮಕ್ಕೆ ಹಿತವಾಗಿರಬಹುದು, ಬಿಸಿಲಿನ ರಕ್ಷಣೆಗೆ ಅವನ್ನು ನೆಚ್ಚುವಂತಿಲ್ಲ. ಲೇಪವನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಾಗಲಿ ಸ್ಕೂಟರಿನ ಸೀಟಿನ ಕೆಳಗಾಗಲಿ ಇಡಬೇಡಿ. ಶಾಖಕ್ಕೆ ಕೆಡುತ್ತದೆ. ನೀರಿನ ಬಿಂದಿಗೆಯ ಪಕ್ಕ ನೆರಳಲ್ಲಿಡಿ.

ಹೊಲಕ್ಕೆ ಇಳಿಯುವ 15ರಿಂದ 20 ನಿಮಿಷ ಮೊದಲು ಹಚ್ಚಿ, ಪದರ ಕೂರಲು ಬಿಡಿ. ಕಿವಿಯ ಅಂಚು, ಮೂಗಿನ ಮೇಲು, ಕುತ್ತಿಗೆಯ ಹಿಂಭಾಗ ಮರೆಯಬೇಡಿ. ಬೆವರನ್ನು ಒರೆಸದೆ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಮತ್ತೆ ಹಚ್ಚುವಾಗ ಧೂಳಿನ ಮೇಲೆಯೇ ಬಳಿಯದೆ, ತೊಳೆದು, ಆರಿಸಿ ಹಚ್ಚಿ.

ದಿನದ ಕೆಲಸದ ಹೊಂದಾಣಿಕೆ

ಬೇಸಿಗೆಯಲ್ಲಿ ಅಗೆತ, ಕಟಾವು, ಹೊರೆಯ ಕೆಲಸವನ್ನು ಬೆಳಿಗ್ಗೆ 6ರಿಂದ 10-30ರೊಳಗೆ ಮುಗಿಸಿ. 11ರಿಂದ 3ರವರೆಗೆ ನೆರಳಿನ ಕೆಲಸ: ಬೀಜ ಆರಿಸುವುದು, ಹಗ್ಗ ಹೊಸೆಯುವುದು, ಕಾಳು ಹಸನು ಮಾಡುವುದು, ಉಪಕರಣಗಳ ರಿಪೇರಿ. ಉಳಿದದ್ದು 3-30ರ ನಂತರ. ಕೂಲಿಯವರ ವೇಳೆಯನ್ನು ನಿಗದಿ ಮಾಡುವವರು ಹೊಲದ ಒಡೆಯರಾದ ನೀವು. ಕೆಲಸದವರಲ್ಲಿ ಹೆಚ್ಚಿನವರು 23 ಕೊಳವೆಯನ್ನಲ್ಲ, ಒಂದನ್ನೂ ಕೊಳ್ಳಲಾರರು. ಒಂದು ಗಂಟೆ ಮುಂಚೆ ಕರೆದು, ನಡುಹಗಲಲ್ಲಿ ಮರದಡಿ ಕೂರಲು ಬಿಟ್ಟರೆ ಅವರಿಗೆ ಯಾವ ಲೇಪವೂ ಕೊಡಲಾರದ ರಕ್ಷಣೆ ಸಿಗುತ್ತದೆ. ಕೆಲಸವೂ ಕೆಡುವುದಿಲ್ಲ. ಲೇಪ ಸೆಕೆಯನ್ನು ತಡೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಉಷ್ಣಾಘಾತಕ್ಕೆ ನೆರಳು, ನೀರು, ಮಜ್ಜಿಗೆಯೇ ಮದ್ದು. ತಲೆ ಸುತ್ತಿ ಮಾತು ತೊದಲಿದರೆ ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತ ಆಸ್ಪತ್ರೆಗೆ ಸಾಗಿಸಬೇಕು.

ನೆನಪಿಡಬೇಕಾದ ಅಂಶಗಳು

• ಲೇಪದ ಆಯುಸ್ಸು ಮೆಲ್ಲಗಿನ ಕೆಲಸದಲ್ಲಿ 2 ಗಂಟೆ. ಬೆವರಿದರೆ, ಒರೆಸಿದರೆ, ತೊಳೆದರೆ ಅಲ್ಲಿಗೆ ಮುಗಿಯಿತು.

• ಅಂಕಿ ದೊಡ್ಡದಾದರೆ ಹೊತ್ತು ಹೆಚ್ಚುವುದಿಲ್ಲ.

• ಕಡಿಮೆ ಹಚ್ಚಿದರೆ ಅಂಕಿಯೂ ಕಡಿಮೆ. ಒಂದು ಅಂಗೈ ಜಾಗಕ್ಕೆ 320 ಮಿಲಿಗ್ರಾಂ.

• ಸಿಂಪರಣೆಯ ದಿನ ಲೇಪವನ್ನಲ್ಲ, ಬಟ್ಟೆ ಮತ್ತು ಕೈಗವಸನ್ನು ನಂಬಿ.

• ನೆರಳು ಗಿಡ್ಡವಾದಾಗ ನೀವು ನೆರಳಿಗೆ ಬನ್ನಿ.

ಬರುವ ಬೇಸಿಗೆಗೆ ಮನೆಯ ಪ್ರತಿಯೊಬ್ಬರಿಗೂ ತುಂಬುತೋಳಿನ ಒಂದು ಅಂಗಿ, ಅಗಲ ಅಂಚಿನ ಒಂದು ಟೊಪ್ಪಿಯನ್ನು ಈಗಲೇ ತೆಗೆದಿರಿಸಿ. ಆಮೇಲೆ ಹಣ ಮಿಕ್ಕಿದರೆ ಲೇಪ ಕೊಳ್ಳಿ. ಕೊಂಡ ಮೇಲೆ ಅದಕ್ಕೆ ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಹಚ್ಚಿ.